ಮೊಹರಿಗೆ ಮುಂಚಿನ ಪ್ರಾರ್ಥನೆ

ಜನನ ಮರಣ ನೋಂದಣಿ ಕಚೇರಿಯಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಮೊಹರನ್ನು ದೇವರ ಮುಂದೆ ಇಡುವುದು. ಹೆಡ್ ಕ್ಲರ್ಕು ಬೀರು ತೆಗೆದು, ಮೊಹರನ್ನು ಎರಡೂ ಕೈಯಲ್ಲಿ ಹಿಡಿದು ಒಳಕೋಣೆಗೆ ಹೋಗುತ್ತಿದ್ದರು. ಅಲ್ಲಿ ಗೋಡೆಯ ಮೇಲಿನ ಪಟದ ಕೆಳಗೆ ಅದನ್ನಿಟ್ಟು, ಎಲ್ಲರೂ ಸಾಲಾಗಿ ನಿಂತು ಪ್ರಾರ್ಥನೆ ಮಾಡಬೇಕು. ಮುಗಿಯುವ ತನಕ ಯಾರ ಕಾಗದಕ್ಕೂ ಮೊಹರು ಬೀಳುತ್ತಿರಲಿಲ್ಲ. ಹುಟ್ಟಿದವರೂ ಕಾಯಬೇಕು, ಸತ್ತವರೂ ಕಾಯಬೇಕು.

ಮೊದಮೊದಲು ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತಿತ್ತು. ಬರಬರುತ್ತಾ ಒಂದು ಹಾಡು ಸೇರಿತು, ಆಮೇಲೆ ಇನ್ನೊಂದು. ಕೊನೆಗೆ ಹೆಡ್ ಕ್ಲರ್ಕಿನ ನಾಲ್ಕು ಮಾತೂ ಸೇರಿಕೊಂಡವು. ಆ ಮಾತಿನಲ್ಲಿ ದೇವರಿಗೆ ಹೇಳುವುದಕ್ಕಿಂತ ತಡವಾಗಿ ಬರುವ ಜವಾನನಿಗೆ ಹೇಳುವುದೇ ಹೆಚ್ಚಿರುತ್ತಿತ್ತು.

ಒಳಗೆ ಹೋಗದವಳು ಒಬ್ಬಳೇ, ಕೌಂಟರಮ್ಮ. ಕಚೇರಿಯ ಮುಂಬಾಗಿಲ ಕೌಂಟರಿನಲ್ಲಿ ಕೂತು ಕೂತೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಅವಳ ಮನೆತನದ ದೇವರು ಬೇರೆ, ಊರಿನಲ್ಲಿ ಆ ಮತದವರು ಬೆರಳೆಣಿಕೆಯಷ್ಟು. ಬಾ ಎಂದು ಯಾರೂ ಬಲವಂತ ಮಾಡಿರಲಿಲ್ಲ, ಬರಲ್ಲ ಎಂದು ಅವಳೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಒಳಗೆ ಹೋದಾಗ ಫೋನು ನೋಡಿಕೊಳ್ಳಲು, ಸಾಲಿನಲ್ಲಿ ನಿಂತವರನ್ನು ಸಮಾಧಾನ ಮಾಡಲು ಒಬ್ಬರು ಬೇಕಿತ್ತಲ್ಲ. ಹಾಗಾಗಿ ಎರಡು ಕಡೆಯವರಿಗೂ ಅನುಕೂಲವಾಗಿತ್ತು.

ಗಂಡ ಹೋದ ಮೇಲೆ ಅವಳ ಮನೆಯಲ್ಲಿ ಬಾಯಿ ಇದ್ದದ್ದು ರೇಡಿಯೋಗೆ ಮಾತ್ರ. ಮನುಷ್ಯರ ಮಾತು ಬೇಕೆಂದರೆ ಕಚೇರಿಗೇ ಬರಬೇಕು. ಅಲ್ಲಿ ಟೈಪಿಸ್ಟ್ ಅಕ್ಕ ಇದ್ದಳು. ಅವಳ ನಾಲಿಗೆ ಕತ್ತರಿ, ಕೈ ಮಾತ್ರ ತಾಯಿಯದು. ಜ್ವರ ಬಂದು ಮಲಗಿದ್ದಾಗ ಗಂಜಿ ಕುಡಿಸಿದವಳು ಅವಳೇ. "ಏಯ್, ಒಬ್ಬಳೇ ತಿಂದರೆ ಅನ್ನಾನೂ ಮುನಿಸ್ಕೊಳ್ಳುತ್ತೆ ಕಣೆ" ಎಂದು ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಕೌಂಟರಿನ ಹಿಂದೆ ಬಂದು ಕೂರುತ್ತಿದ್ದಳು.

ಹೀಗಿರುವಾಗ ಮೇಲಿನ ಕಚೇರಿಗೆ ಯಾರೋ ಹೆಸರಿಲ್ಲದ ದೂರು ಬರೆದರು. ಪಟ ತೆಗೆಯಬೇಕು, ಕೆಲಸದ ವೇಳೆಯಲ್ಲಿ ಪ್ರಾರ್ಥನೆ ಕೂಡದು, ಸರ್ಕಾರಿ ಕಚೇರಿ ಯಾವ ಮತದ್ದೂ ಅಲ್ಲ ಎಂದು ಆದೇಶ ಬಂತು. ಹೆಡ್ ಕ್ಲರ್ಕು ಸ್ಟೂಲು ಹತ್ತಿ ಪಟ ಇಳಿಸಿದರು. ಆ ಗೋಡೆಯಲ್ಲಿ ಬೆಳ್ಳಗೆ ಒಂದು ಚೌಕ ಉಳಿಯಿತು. ಎಲ್ಲರೂ ಆ ಚೌಕ ನೋಡಿದರು, ಆಮೇಲೆ ಕೌಂಟರಿನ ಕಡೆ ನೋಡಿದರು.

ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಜವಾನ ಚಹಾ ತರುವಾಗ ಅವಳ ಮೇಜು ದಾಟಿ ಹೋದ. ಅವಳು ಹತ್ತಿರ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. "ಕೆಲವರಿಗೆ ಉಂಡ ಮನೆ ಜಂತೆ ಎಣಿಸೋದೇ ಅಭ್ಯಾಸ" ಎಂದು ಹೆಡ್ ಕ್ಲರ್ಕು ಕಿಟಕಿಗೆ ಹೇಳಿದರು. ಟೈಪಿಸ್ಟ್ ಅಕ್ಕ ತನ್ನ ಯಂತ್ರದ ಮುಂದೆಯೇ ಊಟ ಮಾಡತೊಡಗಿದಳು.

ಕೌಂಟರಮ್ಮ ದೂರು ಬರೆದಿರಲಿಲ್ಲ. ನಾನಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಬರುತ್ತಿದ್ದಳು, ಸಂಜೆ ಹಾಗೇ ಮನೆಗೆ ಒಯ್ಯುತ್ತಿದ್ದಳು. ಅದನ್ನು ಹೊರಗೆ ಬಿಡದೆ ತಡೆದದ್ದು ಒಬ್ಬ ಮನುಷ್ಯ.

ಆದೇಶ ಬರುವ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಬಂದಿದ್ದ, ಗಾರೆ ಕೆಲಸದವನು. ಉಗುರಿನಲ್ಲಿ ಇನ್ನೂ ಸಿಮೆಂಟು ಇತ್ತು. ಹಿಂದಿನ ದಿನ ಅವನ ಮಗು ತೀರಿಕೊಂಡಿತ್ತು. ಮಣ್ಣು ಮಾಡಲು ಈ ಕಚೇರಿಯ ಕಾಗದ ಬೇಕು, ಕಾಗದಕ್ಕೆ ಮೊಹರು ಬೇಕು, ಮೊಹರು ಪಟದ ಕೆಳಗಿತ್ತು. ಒಳಗೆ ಎರಡನೇ ಹಾಡು ನಡೆಯುತ್ತಿತ್ತು. ಅವನು ತುಂಬಾ ಹೊತ್ತು ಸಾಲಿನಲ್ಲಿ ಕಾದು, ಕೌಂಟರಿನ ಮೇಲೆ ಬಗ್ಗಿ ಮೆಲ್ಲಗೆ ಕೇಳಿದ:

"ಅಮ್ಮಾ, ನಂದು ಆ ದೇವರಲ್ಲ. ಆದ್ರೂ ಒಳಗೆ ಹೋಗಿ ಅವರ ಜೊತೆ ನಿಂತ್ಕೊಂಡ್ರೆ ಬೇಗ ಕೊಡ್ತಾರಾ?"

"ಬೇಡಪ್ಪಾ, ಇಲ್ಲೇ ಕೂತ್ಕೋ" ಎಂದಿದ್ದಳು ಅವಳು. ಒಂದು ಲೋಟ ನೀರು ಕೊಟ್ಟಿದ್ದಳು. ಅಷ್ಟೇ. ಎದ್ದು ಒಳಗೆ ಹೋಗಿ ಮೊಹರು ತರಲಿಲ್ಲ.

ದೂರು ಬರೆದವನು ಅವನೋ, ಸಾಲಿನಲ್ಲಿದ್ದ ಇನ್ಯಾರೋ ಅವಳಿಗೆ ಗೊತ್ತಿಲ್ಲ. ನಾನಲ್ಲ ಎಂದರೆ, ಬರೆದದ್ದು ತಪ್ಪು ಎಂದು ಒಪ್ಪಿಕೊಂಡ ಹಾಗೆ. ಅದಕ್ಕೆ ಮನಸ್ಸು ಒಪ್ಪಲಿಲ್ಲ.

ಒಂದು ಮಧ್ಯಾಹ್ನ ಟೈಪಿಸ್ಟ್ ಅಕ್ಕ ಡಬ್ಬಿ ಹಿಡಿದು ಮತ್ತೆ ಕೌಂಟರಿನ ಹಿಂದೆ ಬಂದಳು. ಕೌಂಟರಮ್ಮನ ಎದೆ ಹಗುರಾಯಿತು. ಕುರ್ಚಿಯ ಮೇಲಿದ್ದ ಚೀಲ ತೆಗೆದು ಜಾಗ ಮಾಡಿದಳು. ಅಕ್ಕ ಕೂತು, ಡಬ್ಬಿ ಬಿಚ್ಚುವ ಮೊದಲು ಒಂದು ಹಾಳೆ ಮುಂದಿಟ್ಟಳು.

"ಏನಕ್ಕಾ ಇದು?"

"ಪ್ರಾರ್ಥನೆ ಮತ್ತೆ ಶುರು ಮಾಡೋಕೆ ಅನುಮತಿ ಕೇಳ್ತಿದ್ದೀವಿ. ನಮ್ಮಲ್ಲಿ ಯಾರ ಆಕ್ಷೇಪಣೆನೂ ಇಲ್ಲ ಅಂತ ಎಲ್ಲರೂ ಸಹಿ ಹಾಕಿದ್ದಾರೆ. ನೀನೂ ಒಂದು ಹಾಕಿಬಿಡು. ಎಲ್ಲರ ಬಾಯಿ ಮುಚ್ಚುತ್ತೆ. ನನಗೂ ಗೋಡೆ ನೋಡ್ಕೊಂಡು ತಿಂದು ತಿಂದು ಸಾಕಾಗಿದೆ ಕಣೆ."

"ಅಕ್ಕಾ, ದೂರು ನಾನು ಬರೀಲಿಲ್ಲ."

"ನಂಗೊತ್ತಿತ್ತು! ನಾನು ಆವತ್ತೇ ಅಂದೆ, ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು ಅಂತ." ಅಕ್ಕ ನಕ್ಕು ಪೆನ್ನು ಕೊಟ್ಟಳು. "ತಗೋ, ಹಾಕು."

ಕೌಂಟರಮ್ಮ ಪೆನ್ನು ತೆಗೆದುಕೊಂಡಳು. ಅದು ಅಕ್ಕನ ಕೈಯ ಬಿಸಿಗೆ ಬೆಚ್ಚಗಿತ್ತು. ಸಹಿ ಎಂದರೆ ಎರಡು ಗೀರು. ಹಾಕಿದರೆ ನಾಳೆ ಚಹಾ ಬರುತ್ತದೆ, ಈ ಕುರ್ಚಿ ತುಂಬುತ್ತದೆ.

"ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ, ಹೊರಗೆ ಎಲ್ಲಾದ್ರೂ ಮಾಡ್ಕೊಳ್ಳಿ ಅಕ್ಕಾ" ಎಂದಳು. "ಬೇಕಾದ್ರೆ ಜಾಗ ನಾನೇ ಗುಡಿಸಿ ಕೊಡ್ತೀನಿ. ಆದ್ರೆ ಮೊಹರು ಇಟ್ಕೊಂಡು, ಜನರನ್ನ ನಿಲ್ಲಿಸ್ಕೊಂಡು ಬೇಡ. ಯಾರು ಬರೆದ್ರೋ, ಸರಿಯಾಗೇ ಬರೆದಿದ್ದಾರೆ."

ಅಕ್ಕನ ನಗು ಮುಖದಲ್ಲೇ ಒಣಗಿತು. "ಯಾರೋ ಬರೆದಿದ್ದಕ್ಕೆ ನಿನಗ್ಯಾಕೆ ಉಸಾಬರಿ?"

ಕೌಂಟರಮ್ಮ ಗಾರೆ ಕೆಲಸದವನ ವಿಷಯ ಹೇಳಿದಳು. ಅವನು ಕೇಳಿದ ಮಾತನ್ನೂ ಹೇಳಿದಳು. ಅಕ್ಕ ತಲೆ ತಗ್ಗಿಸಿ ಕೇಳಿದಳು. ಅವಳೂ ಮಕ್ಕಳನ್ನು ಹೆತ್ತವಳು. ಆದರೆ ತಲೆ ಎತ್ತಿದಾಗ ಕಣ್ಣಿನಲ್ಲಿದ್ದದ್ದು ಬೇರೆ.

"ಅಂದ್ರೆ ಅವತ್ತು ಒಳಗೆ ನಿಂತು ಹಾಡಿದ ನಾನೂ ಪಾಪಿ, ಅಲ್ವಾ?"

"ಹಾಗಲ್ಲ ಅಕ್ಕಾ."

"ಮತ್ತೆ ಹೇಗೆ? ಇಷ್ಟು ವರ್ಷ ಜೊತೆಗೆ ಉಂಡವಳಿಗಿಂತ ಅವನು ಹೆಚ್ಚಾದನಾ? ಅವನ ಹೆಸರಾದ್ರೂ ಗೊತ್ತಾ ನಿಂಗೆ?"

"ಇಲ್ಲ. ಅವನ ಮಗುಗೂ ಇನ್ನೂ ಹೆಸರಿಟ್ಟಿರಲಿಲ್ಲ."

ಅಕ್ಕ ಹಾಳೆ ಮಡಚಿದಳು, ಪೆನ್ನು ಇಸಿದುಕೊಂಡಳು, ಬಿಚ್ಚದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದಳು. ಹೋಗುವಾಗ ಕುರ್ಚಿಯನ್ನು ಮೊದಲಿದ್ದ ಕಡೆಗೇ ಸರಿಸಿದಳು, ಪರರ ಮನೆಗೆ ಬಂದವರು ಸರಿಸುವ ಹಾಗೆ.

ಅರ್ಜಿ ಒಂದು ಸಹಿ ಕಡಿಮೆಯಾಗಿ ಹೋಯಿತು, ಹೋದ ದಾರಿಯಲ್ಲೇ ತಿರುಗಿ ಬಂತು. ಮೊಹರು ಈಗ ಬೀರುವಿನಿಂದ ನೇರವಾಗಿ ಮೇಜಿಗೆ ಬರುತ್ತದೆ. ಬಾಗಿಲು ತೆಗೆದ ಕೂಡಲೇ ಸಾಲು ಸಾಗುತ್ತದೆ. ಹೊರಗಿನ ಜನಕ್ಕೆ ಇದ್ಯಾವುದೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಸಂಜೆ ಇಬ್ಬರೂ ಹಿಡಿಯುವುದು ಒಂದೇ ಬಸ್ಸು. ನಿಲ್ದಾಣದಲ್ಲಿ ಅಕ್ಕ ಇವಳನ್ನು ಕಂಡಾಗಲೆಲ್ಲ ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸುತ್ತಾಳೆ. ಬಸ್ಸು ಬರುವ ತನಕ ಹುಡುಕುತ್ತಲೇ ಇರಬೇಕು, ಪಾಪ, ಕತ್ತು ನೋಯುತ್ತದೆ. ಅದಕ್ಕೇ ಕೌಂಟರಮ್ಮ ಈಗ ಕಚೇರಿಯಲ್ಲಿ ಕಿಟಕಿಗಳನ್ನೆಲ್ಲ ಒಂದೊಂದಾಗಿ, ನಿಧಾನವಾಗಿ ಮುಚ್ಚುತ್ತಾಳೆ. ಆ ಬಸ್ಸು ಹೋದ ಸದ್ದು ಕೇಳಿದ ಮೇಲೆ ಚಪ್ಪಲಿ ಮೆಟ್ಟುತ್ತಾಳೆ.