ಸೀಸದ ಪಾತ್ರೆಗೆ ಬಿದ್ದ ಸತು

ಸೀಸ ಕರಗಿಸಿ ಮೊದಲ ಸಲ ಎರೆದ ಹನ್ನೆರಡು ಬಂದೂಕಿನ ಗುಂಡುಗಳೂ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದ್ದವು. ಮಾರ್ಲಿಸ್ ಅವು ಆರುವವರೆಗೆ ಕಾದು, ಒಂದನ್ನು ಎತ್ತಿ ಮಾವನ ಅಂಗೈಗೆ ಹಾಕಿದಳು.

ಓರಿನ್ ಟ್ವೆಟ್ ಅದನ್ನು ಹೆಬ್ಬೆರಳಿನಿಂದ ಸವರಿದ. "ಅಚ್ಚು ತಣ್ಣಗಿದೆ. ಮೊದಲನೇ ಪ್ಯಾನ್‌ಕೇಕ್ ಯಾವತ್ತಾದ್ರೂ ನೆಟ್ಟಗೆ ಬಂದಿದ್ಯಾ ನಿಂಗೆ? ಅಚ್ಚನ್ನ ಒಲೆ ಮೇಲಿಟ್ಟು ಚೆನ್ನಾಗಿ ಕಾಯಿಸು. ಅದಕ್ಕೂ ಮುಂಚೆ ಸೋಪು ಹಾಕಿ ತೊಳೆದು ಒಣಗಿಸು, ಎಣ್ಣೆ ಜಿಡ್ಡು ಉಳಿದಿರತ್ತೆ."

ಮೊಂಟಾನಾದ ಪೂರ್ವದ ಆ ಬಯಲುಸೀಮೆಯಲ್ಲಿ ನಲವತ್ತು ವರ್ಷದಿಂದ ತನ್ನ ಗುಂಡನ್ನು ತಾನೇ ಎರೆದುಕೊಂಡು ಬಂದ ಮನುಷ್ಯ ಅವನು. ಈ ವರ್ಷ ಮಾತ್ರ ಕೀಲುನೋವು ಅಂತ ಹೇಳಿ, ಶಾಲೆಯ ಬಸ್ಸು ಓಡಿಸುವ ಸೊಸೆಯನ್ನು ಶೆಡ್ಡಿಗೆ ಎಳೆದು ತಂದು, ತಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ಶನಿವಾರ ಊರಾಚೆಯ ಬಯಲಿನಲ್ಲಿ ಗುರಿ ಪಂದ್ಯ. ಸಾಲಾಗಿ ನಿಲ್ಲಿಸಿದ ಕಬ್ಬಿಣದ ಕೋಳಿ, ಹಂದಿ, ಟರ್ಕಿಕೋಳಿ, ಟಗರುಗಳನ್ನು ಹೊಡೆದು ಕೆಡವಬೇಕು. ಅಂಗಡಿಯ ಗುಂಡು ತರುವುದೆಂದರೆ ಓರಿನ್‌ನ ಮಟ್ಟಿಗೆ ಹಬ್ಬಕ್ಕೆ ಹೋಟೆಲಿನಿಂದ ಊಟ ತರಿಸಿದಷ್ಟು ಅವಮಾನ.

ಮಾರ್ಲಿಸ್ ಅಚ್ಚು ತೊಳೆದಳು, ಒಣಗಿಸಿದಳು, ಕಾಯಿಸಿದಳು. ಸುಕ್ಕು ಹೋಯಿತು. ಆದರೆ ಈ ಸಲ ಗುಂಡಿನ ಅಂಚುಗಳು ತುಂಬಿರಲಿಲ್ಲ. ಇಲಿ ಮೆದ್ದ ಬಿಸ್ಕತ್ತಿನ ಹಾಗೆ ಬುಡ ಮೊಂಡಾಗಿತ್ತು.

"ಸೀಸ ಇನ್ನೂ ಕಾಯಬೇಕು," ಎಂದ ಓರಿನ್.

ಕಾವು ಏರಿಸಿದಳು. ಗುಂಡುಗಳು ಇಬ್ಬನಿ ಕೂತ ಗಾಜಿನಂತೆ ಮಂಕು ಬಿಳುಪಾಗಿ ಬಂದವು, ಅಂಚು ಮಾತ್ರ ಇನ್ನೂ ಮೊಂಡು. ಓರಿನ್ ಒಂದನ್ನು ಬೆಳಕಿಗೆ ಹಿಡಿದು ತಲೆದೂಗಿದ. "ಆಹಾ, ಈಗ ನೋಡು, ಕನ್ನಡಿ ಥರಾ ಹೊಳೀತಿದೆ!"

ಮಾರ್ಲಿಸ್ ಗುಂಡನ್ನು ನೋಡಿದಳು, ಮಾವನನ್ನು ನೋಡಿದಳು. ಹೋದ ವಾರ ಈತ ಅಂಚೆಪೆಟ್ಟಿಗೆಗೆ ಕೈಬೀಸಿ "ಗುಡ್ ಮಾರ್ನಿಂಗ್" ಅಂದದ್ದು ನೆನಪಾಯಿತು. ತಮಾಷೆ ಅಂದುಕೊಂಡು ಆಗ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಮಾರನೆಯ ದಿನ ಅಂಚು ತುಂಬಲೆಂದು ತವರ ಬೆರೆಸಿದ್ದಾಯಿತು, ಮೇಣ ಹಾಕಿ ಕಲಕಿ ಕಲ್ಮಷ ತೆಗೆದದ್ದಾಯಿತು. ಎಷ್ಟು ತೆಗೆದರೂ ಪಾತ್ರೆಯ ಮೇಲೆ ಬೂದುಬಣ್ಣದ ಗಂಟುಗಂಟು ಕೆನೆ ಮತ್ತೆ ಕಟ್ಟುತ್ತಿತ್ತು. ಅಷ್ಟರಲ್ಲಿ ಪಕ್ಕದ ಹೊಲದ ಕ್ಲೀಟ್ ರಾಡೆಮಾಕರ್ ಬಂದು ಇಣುಕಿದ. ಇಪ್ಪತ್ತು ವರ್ಷದಿಂದ ಪಂದ್ಯದಲ್ಲಿ ಓರಿನ್‌ಗೆ ಅವನೇ ಎದುರಾಳಿ.

"ಏನಮ್ಮಾ ಮಾರ್ಲಿಸ್, ಗಂಜಿ ಕಾಯಿಸ್ತಿದೀಯಾ? ಸ್ವಲ್ಪ ಸಕ್ಕರೆ ಹಾಕು, ನಾನೂ ಒಂದು ಬಟ್ಟಲು ಕುಡೀತೀನಿ."

"ಹೋಗೋ ಕ್ಲೀಟ್! ಶನಿವಾರ ನಿನ್ನ ಬಾಯಿ ಮುಚ್ಚಿಸ್ತೀನಿ," ಎಂದು ಓರಿನ್ ಗದರಿದ. ಆದರೆ ಅವನು ಗದರಿದ್ದು ಕ್ಲೀಟ್ ನಿಂತ ಕಡೆಗಲ್ಲ, ಗೋಡೆಗೆ ತೂಗುಹಾಕಿದ್ದ ಕೋಟಿನ ಕಡೆಗೆ. ಕ್ಲೀಟ್‌ನ ನಗು ಅರ್ಧಕ್ಕೇ ನಿಂತಿತು. ಅವನು ಮಾರ್ಲಿಸ್‌ಳ ಮುಖ ನೋಡಿ, ಟೋಪಿ ಸರಿಮಾಡಿಕೊಂಡು, ಸದ್ದಿಲ್ಲದೆ ಹೊರಟುಹೋದ.

ಗುರುವಾರ ಸಂಜೆ ಅವಳ ತಾಳ್ಮೆ ಮುಗಿಯಿತು. ಟೈರ್ ಅಂಗಡಿಯಿಂದ ತಂದಿದ್ದ ಚಕ್ರದ ಸಮತೋಲಕ್ಕೆ ಅಂಚಿಗೆ ಸಿಕ್ಕಿಸುವ ಹಳೆಯ ಸೀಸದ ತೂಕದ ತುಂಡುಗಳ ಬಕೆಟ್ಟನ್ನು ಹಾಗೇ ಸಿಮೆಂಟಿನ ನೆಲಕ್ಕೆ ಕವುಚಿದಳು. ಕರಗಿಸುತ್ತಿದ್ದದ್ದು ಅವನ್ನೇ. ದಬದಬ ಬಿದ್ದ ತುಂಡುಗಳ ನಡುವೆ ಅಲ್ಲಲ್ಲಿ ಟಣ್ ಎಂಬ ಸದ್ದು ಎದ್ದಿತು.

ಓರಿನ್ ಕುರ್ಚಿಯಲ್ಲಿ ನೆಟ್ಟಗಾದ. "ಈಗ ಟಣ್ ಅಂತಲ್ಲ, ಅದನ್ನ ಕೊಡು ಇಲ್ಲಿ."

ಅವಳು ಹುಡುಕಿ ಕೊಟ್ಟಳು. ಅವನು ಅದನ್ನು ಮತ್ತೆ ನೆಲಕ್ಕೆ ಬಿಟ್ಟ. ಟಣ್. ಇನ್ನೊಂದನ್ನು ಬಿಟ್ಟ. ಧಪ್.

"ಸೀಸ ಹೀಗೆ ಹಾಡಲ್ಲ. ಇದು ಸತು. ಕಾವು ಕಮ್ಮಿ ಇದ್ದಾಗ ಮೇಲೆ ತೇಲತ್ತೆ, ತೆಗೆದು ಬಿಸಾಕಬಹುದು. ನಾವು ಕಾವು ಏರಿಸಿ ಏರಿಸಿ ಪೂರ್ತಿ ಬೆರೆಸಿಬಿಟ್ವಿ. ಯಾವ ಕತ್ತೆ ಆರಿಸಿದ್ದು ಈ ಬಕೆಟ್ಟನ್ನ?"

"ನೀವೇ," ಎಂದಳು ಮಾರ್ಲಿಸ್. ಓರಿನ್‌ನ ಕಿವಿಗಳು ಕೆಂಪಾದವು.

"ಒಂದೊಂದರ ಮೇಲೂ ಯಾವ ಲೋಹ ಅಂತ ಅಕ್ಷರ ಒತ್ತಿರ್ತಾರೆ ಅಪ್ಪಾ," ಎಂದು ಅವಳು ಮೆಲ್ಲಗೆ ಹೇಳಿ ತುಂಡನ್ನು ಮುಂದೆ ಹಿಡಿದಳು. "ಓದಿ ನೋಡೋಣ."

"ಕನ್ನಡಕ ಮನೇಲಿದೆ."

"ಕನ್ನಡಕ ನಿಮ್ಮ ಮೂಗಿನ ಮೇಲಿದೆ."

ಓರಿನ್ ಮೂಗು ಮುಟ್ಟಿ ನೋಡಿಕೊಂಡ. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ಇಳಿದ ಮೇಲೆ ಅವನು ಕೈ ನೋಡಿಕೊಳ್ಳುತ್ತ ಹೇಳಿದ, "ಕೀಲುನೋವು ಸುಳ್ಳು. ಹೋದ ವರ್ಷಾನೇ ಟಗರುಗಳು ಕಾಣಿಸ್ಲಿಲ್ಲ. ಎಲ್ಲರೂ ಹೊಡೆದ ಕಡೆ ನಾನೂ ಹೊಡೆದೆ."

"ಡಾಕ್ಟರ್ ಹತ್ರ ಯಾಕೆ ಹೋಗ್ಲಿಲ್ಲ?"

"ಕಣ್ಣಿಗೆ ಚಾಕು ಹಾಕ್ತಾರಂತೆ. ಎಚ್ಚರ ಇರುವಾಗ್ಲೇ!"

"ಬೇಟೇಲಿ ಕಾಡುಕೋಣಾನೇ ಕೆಡವಿದ ಗಂಡಸು, ಪೊರೆ ತೆಗೆಸ್ಕೊಳ್ಳೋಕೆ ಹೆದರ್ತೀರಾ?"

"ಕೋಣ ನನ್ನ ಕಣ್ಣು ಮುಟ್ಟಿರ್ಲಿಲ್ಲ," ಎಂದ ಓರಿನ್.

ಕೊನೆಗೆ ಒಪ್ಪಂದವಾಯಿತು. ಶನಿವಾರ ಅವನ ಬಂದೂಕು ಹಿಡಿದು ಮಾರ್ಲಿಸ್ ಪಂದ್ಯಕ್ಕೆ ನಿಲ್ಲುವುದು, ಸೋಮವಾರ ಅವನು ಕಣ್ಣಾಸ್ಪತ್ರೆಗೆ ಫೋನ್ ಮಾಡುವುದು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಬಕೆಟ್ಟಿನ ತುಂಡುಗಳನ್ನು ಒಂದೊಂದಾಗಿ ಬೀಳಿಸಿ ಸದ್ದಿನಿಂದಲೇ ಆರಿಸಿದರು. ಓರಿನ್ ಒಂದರಲ್ಲೂ ತಪ್ಪಲಿಲ್ಲ. ಅವಳು ಮೂರರಲ್ಲಿ ತಪ್ಪಿದಳು, ಅವನು ಮೂರು ಸಲವೂ ಹಂಗಿಸಿದ. ಕೆಟ್ಟ ಸೀಸವನ್ನು ತೆಗೆದಿಟ್ಟು, ಪಾತ್ರೆ ಕೆರೆದು, ಹೊಸದಾಗಿ ಕರಗಿಸಿದರು. ಶುಕ್ರವಾರ ಗುಂಡುಗಳು ಅಚ್ಚಿನಿಂದ ತಾವಾಗಿಯೇ ಜಾರಿ ಬಿದ್ದವು. ಅಂಚು ಚೂಪಾಗಿತ್ತು, ಮೈ ನುಣುಪಾಗಿತ್ತು. ಓರಿನ್ ಉಗುರಿನಿಂದ ಬುಡ ಗೀರಿ ನೋಡಿ ಒಂದು ಗುಂಡನ್ನು ಜೇಬಿಗೆ ಹಾಕಿಕೊಂಡ. ಅವನ ಬಳಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಪಂದ್ಯದಲ್ಲಿ ಮಾರ್ಲಿಸ್ ನಲವತ್ತರಲ್ಲಿ ಹತ್ತೊಂಬತ್ತು ಕೆಡವಿದಳು. ಹಂದಿಗಳು ಬಹುಪಾಲು ಬಚಾವಾದವು. ಕ್ಲೀಟ್ ಇಪ್ಪತ್ತಾರು ಕೆಡವಿ ಗೆದ್ದ. ಆಮೇಲೆ ಓರಿನ್ ಪಕ್ಕ ಬಂದು ಕೂತು, "ಮುಂದಿನ ವರ್ಷ ನೀನೇ ಬಾರೋ. ಇವಳು ಬೇಗ ಕಲೀತಾಳೆ, ನಂಗೆ ಭಯ," ಎಂದ.

ಅಕ್ಟೋಬರಿನಲ್ಲಿ ಮೊದಲ ಕಣ್ಣಿನ ಪೊರೆ ತೆಗೆದರು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಓರಿನ್ ಎದುರಿಗಿದ್ದ ಸೊಸೆಯನ್ನು ಬಹಳ ಹೊತ್ತು ನೋಡಿದ.

"ಮಾರ್ಲಿಸ್, ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತು?"

ಅವಳು ಕೈಚೀಲದಿಂದ ಅವನ ತೋಳಿಗೊಂದು ಕೊಟ್ಟಳು. ನರ್ಸ್ ಬೆಚ್ಚಿಬಿದ್ದಳು. ಮನೆಗೆ ಎಪ್ಪತ್ತು ಮೈಲಿ ದಾರಿ. ಓರಿನ್ ದಾರಿಯುದ್ದಕ್ಕೂ ಸಿಕ್ಕ ಫಲಕವನ್ನೆಲ್ಲ, ಪೆಟ್ರೋಲ್ ಬಂಕಿನ ಕಾಫಿಯ ಜಾಹೀರಾತನ್ನೂ ಬಿಡದೆ, ಗಟ್ಟಿಯಾಗಿ ಓದುತ್ತ ಬಂದ. ಮಾರ್ಲಿಸ್ ಒಮ್ಮೆಯೂ ರೇಡಿಯೋ ಹಾಕಲಿಲ್ಲ.