ಮೂರು ಮೊಳ ಹಾಡು

ನಲವತ್ತೊಂದು ನಿಮಿಷ ಸಾಧು ಹಸುವಿನಂತಿದ್ದ ಲ್ಯಾಪ್‌ಟಾಪು, ಹಳೆಯ ಮದುವೆ ವಿಡಿಯೋದಲ್ಲಿ ಸೀತಾಬಾಯಿ ಬೀಗರ ಹಾಡಿಗೆಂದು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಮೂವತ್ತೆಂಟು ಫ್ರೇಮು ಕೈಬಿಟ್ಟಿತು. ಇದು ನಾಲ್ಕನೆಯ ಸಲ. ಪರದೆಯ ಮೇಲೆ ಬಣ್ಣಗಳು ಕಲಸಿಹೋದವು. ತಿಳಿಯಾಗುವಷ್ಟರಲ್ಲಿ ಪಂಕ್ತಿಯಲ್ಲಿ ಕೂತ ಯಾರೋ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಗಿರಿಧರ್ ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಜನರ ಕ್ಲೇಮುಗಳನ್ನು ಅನುಮಾನಿಸಿ ನಿವೃತ್ತರಾದವರು. ಈಗ ಅದೇ ಶ್ರದ್ಧೆಯಿಂದ ಯಂತ್ರವನ್ನು ಅನುಮಾನಿಸಿದರು. ಆ್ಯಂಟಿವೈರಸ್ ನಿಲ್ಲಿಸಿದರು. ನಡುವಿನ ಹಬ್ ಕಿತ್ತು, ಟೇಪಿನ ಚಿತ್ರವನ್ನು ಕಂಪ್ಯೂಟರಿಗಿಳಿಸುವ ಕ್ಯಾಪ್ಚರ್ ಡಬ್ಬಿಯನ್ನು ನೇರವಾಗಿ ಚುಚ್ಚಿದರು. ಬೇರೆ ಡಿಸ್ಕಿಗೆ ಬರೆಸಿದರು. ವೈಫೈ ಆರಿಸಿ ಮಗಳ ಹತ್ತಿರ ಬೈಸಿಕೊಂಡರು. ಮೂವತ್ತೆಂಟು ಮಾತ್ರ ಮೂವತ್ತೆಂಟಾಗಿಯೇ ಉಳಿಯಿತು.

"ಇನ್ನೆಷ್ಟು ಸಲ ಓಡಸ್ತೀರಿ?" ಎಂದಳು ಹೆಂಡತಿ ಸರಸ. "ಟೇಪು ಸವದು ಹೋಗ್ತದ."

ಹೋಗುವುದು ಖಂಡಿತವಿತ್ತು. ಅದು ತೊಂಬತ್ತಮೂರರಲ್ಲಿ ನಡೆದ ಅವರಿಬ್ಬರ ಮದುವೆಯ ಕ್ಯಾಸೆಟ್ಟು. ಅಂಚಿನಲ್ಲಿ ಬಿಳಿ ಬೂಷ್ಟು. ಕ್ರೋಂಪೇಟೆಯ ಗೆಳೆಯರಿಂದ ಎರವಲು ತಂದ ವಿಸಿಆರ್ ಡೆಕ್ಕಿನೊಳಗೆ ಪ್ರತಿ ಸಲವೂ ಒಂದಿಷ್ಟು ಪುಡಿ ಉದುರುತ್ತಿತ್ತು. ಸರಸಳ ತಾಯಿ ಸೀತಾಬಾಯಿ ಮದುವೆಯಾದ ವರ್ಷದೊಳಗೆ ತೀರಿಕೊಂಡಿದ್ದರು. ಅವರ ದನಿ ಇನ್ನೆಲ್ಲೂ ಇರಲಿಲ್ಲ. ಮದುವೆಯ ಹೊಸದರಲ್ಲಿ ಬಾಡಿಗೆ ಡೆಕ್ಕು ತಂದು ಒಮ್ಮೆ ನೋಡಿದ್ದೇ ಕೊನೆ.

ಪಕ್ಕದ ಕೋಣೆಯಲ್ಲಿ ಆಫೀಸು ನಡೆಸುತ್ತಿದ್ದ ಮಗಳು ಅಕ್ಷಯಾ ಬಂದು ಇಣುಕಿದಳು. ಕನ್ನಡದ ಪ್ರಶ್ನೆಗಳಿಗೆ ತಮಿಳಿನಲ್ಲೇ ಉತ್ತರಿಸುವವಳು ತಂದೆಯ ಮೇಲೆ ಕರುಣೆ ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದಳು.

"ಅಪ್ಪಾ, ಕಂಪ್ಯೂಟರ್ ತಪ್ಪಾದ್ರೆ ಒಂದೊಂದ್ಸಲ ಒಂದೊಂದು ಕಡೆ ಬಿಡುತ್ತೆ. ಇದು ಪ್ರತಿ ಸಲಾನೂ ಅದೇ ಇಡಂ. ಆಮೇಲೆ, ಮೂವತ್ತೆಂಟು ಫ್ರೇಮ್ ಅಂದ್ರೆ ಒಂದೂವರೆ ಸೆಕೆಂಡು. ಅಜ್ಜಿ ಒಂದೂವರೆ ಸೆಕೆಂಡಲ್ಲೇ ಪಾಟ್ಟು ಮುಗಿಸಿದ್ರಾ?"

ಕಳೆದುಹೋದ ಫ್ರೇಮುಗಳಲ್ಲೇ ಹಾಡಿದೆಯೆಂದು ಎರಡು ದಿನ ನಂಬಿದ್ದ ಗಿರಿಧರ್‌ಗೆ ಈ ಲೆಕ್ಕ ಹೊಳೆದಿರಲಿಲ್ಲ. ಕ್ಯಾಸೆಟ್ಟು ಹೊರತೆಗೆದು, ಮುಚ್ಚಳವೆತ್ತಿ, ಬೆರಳಲ್ಲಿ ಚಕ್ರ ತಿರುಗಿಸಿದರು. ಕಪ್ಪು ಪಟ್ಟಿಯ ನಡುವೆ ಹಳದಿಗಟ್ಟಿದ ಒಂದು ತುಂಡು ಸೆಲ್ಲೋಟೇಪು ಬಂತು. ಅದರ ಒಂದು ಬದಿಗೆ ಕೆಂಪು ಚುಕ್ಕೆ.

"ಯಾರೋ ಕತ್ತರಿಸಿದ್ದಾರೆ," ಎಂದರು.

"ಯಾರೋ ಯಾಕೆ? ನಾನೇ," ಎಂದಿತು ಕಿಟಕಿಯ ಬಳಿಯ ಕುರ್ಚಿ.

ಕುರ್ಚಿಯಲ್ಲಿದ್ದವರು ಗಿರಿಧರ್ ಅವರ ತಾಯಿ ಭೀಮಾಬಾಯಿ, ಎಂಬತ್ತಾರು ವರ್ಷ. ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. "ಟೇಪು ನೋಡಿದ ಮಾರನೇ ದಿನ ನೀವಿಬ್ರೂ ಟಿ. ನಗರಕ್ಕೆ ಹೋಗಿದ್ರಿ. ಬಾಡಿಗೆ ಡೆಕ್ ಇನ್ನೊಂದು ದಿನ ಮನೇಲಿತ್ತು. ಹಾಡು ಶುರುವಾದಲ್ಲಿ ಒಂದು ಕುಂಕುಮದ ಬೊಟ್ಟು, ಮುಗಿದಲ್ಲಿ ಒಂದು ಬೊಟ್ಟು. ನಡುವಿಂದು ಅಳೆದು ನೋಡಿದೆ. ಸರಿಯಾಗಿ ಮೂರು ಮೊಳ ಇತ್ತು."

ಮಾಂಬಲಂ ಸ್ಟೇಷನ್ನಿನ ಬಾಗಿಲಲ್ಲಿ ಮಲ್ಲಿಗೆ ಕೊಂಡ ವಿಷಯ ಹೇಳುವಾಗಲೂ ಅವರದು ಇದೇ ದನಿ.

ಸರಸ ಅತ್ತೆಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. "ಅಮ್ಮ ನಿಮ್ಮನ್ನ ಆಡಿಕೊಂಡ್ರಂತ ಸಿಟ್ಟೇನು, ಅತ್ಯಾ? ಬೀಗರ ಹಾಡಿನಾಗ ಬೀಗಿತ್ತೀನ ಬಿಟ್ಟು ಇನ್ಯಾರನ್ನ ಆಡ್ಕೋತಾರ?"

"ಸಿಟ್ಟಾ?" ಭೀಮಾಬಾಯಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನನ್ ಮೇಲೆ ಯಾರು ಹಾಡು ಕಟ್ಟಿದ್ರು ಹೇಳು? ಅದೊಂದೇ. ನನ್ನ ಹಾಡು ನಾನು ತಗೊಂಡೆ. ಮಿಕ್ಕಿದ ಮದುವೇನೆಲ್ಲ ನಿಮಗೇ ಬಿಟ್ಟಿದ್ದೀನಲ್ಲ."

ಒಳಗೆ ಹೋದವರು ರೇಷ್ಮೆ ಸೀರೆಯ ಮಡಿಕೆಯಿಂದ ಒಂದು ದಾರದ ರೀಲು ತಂದರು. ದಾರದ ಬದಲು ಅದರ ಮೇಲೆ ಕಪ್ಪು ಪಟ್ಟಿ ಸುತ್ತಿತ್ತು. ಮೂವತ್ತೆರಡು ವರ್ಷ ಸರಸ ಆ ಸೀರೆಯನ್ನು ಬಿಸಿಲಿಗೆ ಹಾಕಿ ಮಡಚಿಟ್ಟಿದ್ದಳು. ಅತ್ತೆಯ ರೀಲೆಂದು ಮುಟ್ಟಿರಲಿಲ್ಲ. ಅವಳ ಮುಖ ನೋಡಲು ಗಿರಿಧರ್‌ಗೆ ಧೈರ್ಯವಾಗಲಿಲ್ಲ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚುವುದೇ ಸುಲಭವೆನಿಸಿತು.

ಪಟ್ಟಿಯನ್ನು ಸ್ವಸ್ಥಾನಕ್ಕೆ ಸೇರಿಸಿ, ಡೆಕ್ಕಿನ ಹೆಡ್ಡಿಗೆ ಅಂಟು ತಾಗದಂತೆ ಬೆನ್ನಿಗೆ ಮಾತ್ರ ತೇಪೆ ಹಾಕಿದರು. ಅಕ್ಷಯಾ ರೆಕಾರ್ಡ್ ಒತ್ತಿದಳು. ಬೆಸುಗೆಯಲ್ಲಿ ಇಪ್ಪತ್ತು ಫ್ರೇಮು ತಪ್ಪಿಹೋದವು, ಯಾರೂ ಎಣಿಸಲಿಲ್ಲ. ಸುಕ್ಕುಗಟ್ಟಿದ ಚಿತ್ರ ಹಾವಿನಂತೆ ಹೊರಳಿತು, ಆದರೆ ಸೀತಾಬಾಯಿಯ ರಾಯಚೂರಿನ ಗಟ್ಟಿ ದನಿ ನೆಟ್ಟಗೆ ಬಂತು:

"ಕನ್ನಡದಾಗ ಬೈತಾಳ, ತಮಿಳಿನಾಗ ನಗತಾಳ,
ಎರಡೂ ಬರದವರ ಮುಂದ ಇಂಗ್ಲೀಷಿನಾಗ ಕೆಮ್ಮತಾಳ..."

ಮುಂದಿನ ಸಾಲಿಗೆ ಕುರ್ಚಿಯಿಂದಲೂ ದನಿ ಸೇರಿತು. ಭೀಮಾಬಾಯಿಗೆ ಒಂದಕ್ಷರ ತಪ್ಪಲಿಲ್ಲ, ರಾಗವೂ ಸೀತಾಬಾಯಿಯದೇ. ಕೊನೆಗೆ ಸೀತಾಬಾಯಿ ಹಾಡು ನಿಲ್ಲಿಸಿ, ಸೆರಗು ಬಾಯಿಗೊತ್ತಿ ನಕ್ಕರು. ತಾಯಿ ನಕ್ಕದ್ದು ಸರಸಳಿಗೆ ಮರೆತೇಹೋಗಿತ್ತು. ಅವಳು ಪರದೆಗೆ ಹಣೆ ತಾಗುವಷ್ಟು ಬಾಗಿದಳು. ಮತ್ತೆ ಹೋಳಿಗೆ, ತುಪ್ಪ ಬಂದವು.

"ಸೇವ್ ಆಯ್ತು," ಎಂದಳು ಅಕ್ಷಯಾ ಮೆಲ್ಲಗೆ.

"ಆಯ್ತಲ್ಲ," ಭೀಮಾಬಾಯಿ ಕೈ ಚಾಚಿದರು. "ಇನ್ನು ನಂದು ನಂಗೆ ಕೊಡು."

ಈಗ ಸಿಡಿಲು ಬೀಳುತ್ತದೆ ಎಂದುಕೊಂಡು ಗಿರಿಧರ್ ಕಣ್ಣು ಕೆಳಗಿಳಿಸಿದರು. ಸರಸ ಎದ್ದು, ಕತ್ತರಿ ತಂದು, ಕ್ಯಾಸೆಟ್ಟಿನಿಂದ ಪಟ್ಟಿಯನ್ನೆಳೆದು ಮೊಳಕೈಗೆ ಹಿಡಿದು ಅಳೆಯತೊಡಗಿದಳು.

"ಹಾಡು ಎರಡು ಮೊಳ ಅದ. ಅಷ್ಟೂ ನಿಮ್ಮದು, ಅತ್ಯಾ," ಎಂದಳು. "ಅಮ್ಮ ನಕ್ಕಿದ್ದೊಂದು ಮೊಳ ನಂಗಿರಲಿ."