ನುಣುಪು ದಾರಿ

"ನಲ್ಲಿ ತಿರುಗಿಸೋಕೆ ಕೈ ಬಂತು, ನಿಲ್ಲಿಸೋಕೆ ಬರಲಿಲ್ವಾ ನಿಮಗೆ?" ಅತ್ತಿಗೆಯ ಕೂಗಿಗೆ ಅಡುಗೆಮನೆಯ ತಟ್ಟೆಗಳು ಝಲ್ಲೆಂದವು. "ಮಗು ನಡೆಯೋ ದಾರಿ ಮೇಲೆ ನೀರು ಹರಿಯೋಕೆ ಬಿಟ್ಟು ಹೋಗಿ ಮಿಷನ್ ಮುಂದೆ ಕೂತ್ರಲ್ಲ, ನೀವೂ ಒಬ್ಬ ಅಪ್ಪನಾ?"

"ಗಿರಾಕಿ ಬಂದಿದ್ದ ಕಣೆ. ಒಂದು ನಿಮಿಷ ಅಂತ..."

"ಯಾವನದೋ ಪ್ಯಾಂಟಿನ ಕಾಲು ಸರಿ ಮಾಡೋಕೆ ಹೋಗಿ ಮಗಳ ಕೈ ಮುರಿಸಿದ್ರಿ!"

ದರ್ಜಿ ಅಣ್ಣ ಕೊರಳಿಗೆ ನೇತುಬಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಹಿತ್ತಲ ಹೊಸ್ತಿಲ ಮೇಲೆ ಕೂತಿದ್ದ ತಮ್ಮನಿಗೆ ಒಂದೊಂದು ಮಾತೂ ಬೆನ್ನಿಗೆ ಕಾದ ಸೌಟು ಇಟ್ಟಂತಾಗುತ್ತಿತ್ತು. ಬೈಗುಳ ಅವನಿಗೆ ಸಲ್ಲಬೇಕಾದದ್ದು, ತಿನ್ನುತ್ತಿದ್ದವನು ಅಣ್ಣ. ಅದು ಗೊತ್ತಿದ್ದೂ ಅವನು ಬಾಯಿ ಹೊಲಿದುಕೊಂಡು ಕೂತಿದ್ದ.

ತಮ್ಮ ಗಾರೆ ಕೆಲಸದವನು. ಜೊತೆಗಾರರೆಲ್ಲ ಅವನನ್ನು ಕನ್ನಡಿ ಎಂದೇ ಕರೆಯುತ್ತಿದ್ದರು. ಅವನು ತೀಡಿದ ನೆಲ ನೋಡಿಕೊಂಡು ಹೆಂಗಸರು ಬೈತಲೆ ತೆಗೆಯಬಹುದು ಅಂತ ತಮಾಷೆ. ತಮಾಷೆಯಾದರೂ ಅವನಿಗೆ ಅದು ಬಿರುದು.

ಅಣ್ಣನ ಮಗಳು ಚೂಟಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ನಾಲ್ಕು ಕಾಲಿನ ವಾಕರ್ ಹಿಡಿದು, ಸೊಂಟ ತಿರುಗಿಸುತ್ತ ನಡೆಯುತ್ತಾಳೆ. ಬಾಯಿ ಮಾತ್ರ ಹೆಸರಿಗೆ ತಕ್ಕ ಹಾಗೆ. "ಟೊಮೇಟೊ ಎಲ್ಲರ ಮನೇಲಿ ಗಿಡದಲ್ಲಿರುತ್ತೆ, ನಮ್ಮನೇಲಿ ಕಿಟಕೀಲಿ ಇರುತ್ತೆ," ಅಂತ ಒಮ್ಮೆ ಅಂದಿದ್ದಳು. ಹಿತ್ತಲಿಗೆ ಇಳಿಯಲು ಮೂರು ಮೆಟ್ಟಿಲು, ಅದರಾಚೆ ಕಲ್ಲು, ಮುಳ್ಳಿನ ಗುಲಾಬಿ, ಬಾಯಿ ತೆರೆದ ನೀರಿನ ತೊಟ್ಟಿ. ಅವಳು ತೋಟವನ್ನು ನೋಡಿದ್ದೆಲ್ಲ ಕಿಟಕಿಯಿಂದಲೇ.

ಆ ಮಾತು ಚಿಕ್ಕಪ್ಪನ ಎದೆಗೆ ನಾಟಿತು. ಭಾನುವಾರಗಳಲ್ಲಿ ಬಂದು ಕೆಲಸಕ್ಕಿಳಿದ. ಮೆಟ್ಟಿಲು ಒಡೆದು ಇಳಿಜಾರು ಮಾಡಿದ. ಗುಲಾಬಿ ಕಿತ್ತು ಬೇಲಿಯ ಆಚೆಗೆ ನೆಟ್ಟ. ತೊಟ್ಟಿಗೆ ಮುಚ್ಚಳ ಹಾಕಿದ. ದಾರಿಯುದ್ದಕ್ಕೂ ಅವಳ ಕೈಗೆ ಸಿಗುವ ಎತ್ತರಕ್ಕೆ ಪೈಪಿನ ಹಿಡಿಕೆ ನಿಲ್ಲಿಸಿದ. ಬಗ್ಗದೆ ಮಣ್ಣು ಮುಟ್ಟಲಿ ಅಂತ ಸೊಂಟದೆತ್ತರಕ್ಕೆ ಇಟ್ಟಿಗೆಯ ಪಾತಿ ಕಟ್ಟಿದ. ಅತ್ತಿಗೆ ಚಹಾ ಕೊಡುವಾಗ, "ನಿನ್ನಂಥ ಮೈದುನ ಎಲ್ಲರಿಗೂ ಸಿಗಲ್ಲಪ್ಪ," ಅಂದಿದ್ದಳು.

ದಾರಿಗೆ ಸಿಮೆಂಟ್ ಹಾಕಿದ ದಿನ ಚೂಟಿಗೆ ಕಾಲಿನ ವ್ಯಾಯಾಮ ಮಾಡಿಸುವ ಮೇಡಂ ಬಂದಿದ್ದರು. ಅಣ್ಣ ಅತ್ತಿಗೆ ಮನೆಯಲ್ಲಿರಲಿಲ್ಲ. ಮೇಡಂ ಹಸಿ ಸಿಮೆಂಟ್ ನೋಡಿ, "ಇದರ ಮೇಲೆ ಪೊರಕೆ ಎಳೆದುಬಿಡಿ, ಗೀರು ಬೀಳಲಿ. ನುಣ್ಣಗಿದ್ರೆ ನೀರು ಬಿದ್ದಾಗ ಅವಳು ನಿಲ್ಲಲ್ಲ," ಎಂದರು. ಅವನು ಹೂಂ ಅಂದ. ಎಳೆದೂ ಎಳೆದ. ಚೂಟಿ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು.

ಮೇಡಂ ಹೋದ ಮೇಲೆ ಜೊತೆಯ ಮೇಸ್ತ್ರಿ ಬಂದ. ಕೊಟ್ಟ ಸಲಿಕೆ ವಾಪಸ್ ಒಯ್ಯಲು ಬಂದವನು ದಾರಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನೋ ಕನ್ನಡಿ, ಕೋಳಿ ಕೆದಕಿದೆಯಲ್ಲೋ! ಕೈ ನಡುಗೋಕೆ ಶುರುವಾಯ್ತಾ?"

ಅವನು ಹೋದ. ನಗು ಉಳಿಯಿತು. ಹಸಿ ಆರುವ ಮುನ್ನ ಕನ್ನಡಿ ಮತ್ತೆ ಕರಣೆ ಹಿಡಿದು, ಸಿಮೆಂಟ್ ಹಾಲು ಸುರಿದು ತೀಡಿದ. ಒಂದೊಂದೇ ಗೀರು ಮುಚ್ಚಿಹೋಯಿತು. ಕಿಟಕಿಯಿಂದ ಚೂಟಿ, "ಚಿಕ್ಕಪ್ಪಾ, ಮೇಡಂ ಬೇಡ ಅಂದ್ರಲ್ಲ?" ಅಂದಳು.

"ಮೇಡಂಗೆ ಗಾರೆ ಕೆಲಸ ಗೊತ್ತೇನೆ? ಅಮ್ಮಂಗೆ ಹೇಳ್ಬೇಡ. ನಿಂಗೆ ಅರಮನೆ ನೆಲ ಮಾಡ್ತಿದೀನಿ."

ಸಂಜೆ ಅತ್ತಿಗೆ, "ಜಾರಲ್ವಾ ಇದು?" ಎಂದು ಕೇಳಿದಾಗ ಸುಳ್ಳು ಬಾಯಿಗೆ ತಾನಾಗಿಯೇ ಬಂತು. "ಮೇಡಮ್ಮೇ ಹೇಳಿದ್ರು ಅತ್ತಿಗೆ, ನುಣ್ಣಗೆ ಇರಲಿ ಅಂತ. ಗೀರಿದ್ರೆ ವಾಕರ್ ಕಾಲು ಸಿಕ್ಕಿಕೊಳ್ಳುತ್ತಂತೆ." ಮೇಡಂ ಮರುದಿನದಿಂದ ರಜೆ ಮೇಲೆ ಹೋಗುವವರಿದ್ದರು, ಕೇಳಿ ನೋಡುವವರಿಲ್ಲ.

ನೆಲ ಒಣಗಿದ್ದಷ್ಟು ದಿನ ಚೂಟಿ ರಾಣಿಯ ಹಾಗೆ ಓಡಾಡಿದಳು. ಮೊದಲ ಸಲ ತಾನೇ ಕಿತ್ತ ಟೊಮೇಟೊ ತೊಳೆಯದೆ ತಿಂದು ಬೈಸಿಕೊಂಡಳು. ಆಮೇಲೆ ಅಣ್ಣ ಗಿಡಕ್ಕೆ ನೀರು ಬಿಟ್ಟ ದಿನ ಬಿದ್ದಳು.

"ಇವತ್ತಿಂದ ಈ ಬಾಗಿಲಿಗೆ ಬೀಗ," ಈಗ ಬೈಗುಳ ಸಾಲದೆ ಅತ್ತಿಗೆ ಒಳಗಿನಿಂದ ಬೀಗ ತಂದೇಬಿಟ್ಟಳು. "ತೋಟವೂ ಬೇಡ, ಗೀಟವೂ ಬೇಡ. ನನ್ನ ಮಗಳು ಕಿಟಕೀಲೇ ಇರಲಿ, ಒಂದೇ ಚೂರಾಗಿ ಇರಲಿ. ಹೊಸ್ತಿಲು ಬಿಟ್ಟು ಏಳಪ್ಪ ನೀನು."

ನಡುಮನೆಯ ಮಂಚದ ಮೇಲೆ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಚೂಟಿ ಗೋಡೆ ನೋಡಿಕೊಂಡೇ ಹೇಳಿದಳು: "ಅಪ್ಪಂದಲ್ಲಮ್ಮ ತಪ್ಪು. ನಾನೇ ಓಡೋಕೆ ಹೋದೆ."

"ನೀನು? ಓಡೋಕೆ?" ಅತ್ತಿಗೆ ಬೀಗ ಹಿಡಿದೇ ಮಗಳ ಕಡೆ ತಿರುಗಿದಳು.

ಆ ಸುಳ್ಳು ಯಾರಿಗಾಗಿ ಅಂತ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಕಾಲೇ ಬಾರದ ಹುಡುಗಿ ಚಿಕ್ಕಪ್ಪನನ್ನು ಕಾಯಲು 'ಓಡಿದೆ' ಅನ್ನುತ್ತಿದ್ದಾಳೆ. ಕನ್ನಡಿಗೆ ಇನ್ನು ಕೂತಿರಲಾಗಲಿಲ್ಲ.

"ಬೀಗ ಹಾಕ್ಬೇಡಿ ಅತ್ತಿಗೆ. ಅಣ್ಣನ್ನ ಬೈಬೇಡಿ. ಮೇಡಂ ಹಾಗೆ ಹೇಳಲೇ ಇಲ್ಲ. ಪೊರಕೆ ಎಳಿ ಅಂದ್ರು. ಎಳೆದಿದ್ದೆ. ಆಮೇಲೆ ನಾನೇ ಅಳಿಸಿದೆ."

"ಯಾಕೆ?" ಅತ್ತಿಗೆ ಕೇಳಿದಳು. ಕೂಗಲಿಲ್ಲ.

"ಚೆನ್ನಾಗಿ ಕಾಣಲಿಲ್ಲ ಅಂತ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಗಂಡನ ಕಡೆ ತಿರುಗಿದಳು. ಇಷ್ಟು ದಿನ ಅಂದ ಮಾತುಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುವುದು ಹೇಗೆ ಅಂತ ತಿಳಿಯದವಳ ಹಾಗೆ ಕೈಯಲ್ಲಿದ್ದ ಬೀಗವನ್ನು ಸೆರಗಿನಿಂದ ಒರೆಸಿದಳು. ಅಣ್ಣ ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಮಡಿಚಿದ.

"ಆಯ್ತು ಬಿಡೋ. ಹೇಳಿದೆಯಲ್ಲ, ಸಾಕು. ಉಳಿ ತಗೊಂಡು ಮೇಲಿನ ಪದರ ಕೆತ್ತಿ ಹಾಕು. ನೀನೇ ಮತ್ತೆ ಮಾಡು. ಬೀಗ ಗೀಗ ಏನೂ ಬೇಡ."

ಇಷ್ಟು ಸಲೀಸಾಗಿ ಕ್ಷಮಿಸಿದ್ದು ಕಪಾಳಕ್ಕೆ ಬಾರಿಸಿದ್ದಕ್ಕಿಂತ ಜೋರಾಗಿ ಬಿತ್ತು. ಕನ್ನಡಿ ತಲೆಯಾಡಿಸಿ ಹೊರಡಲು ತಿರುಗಿದ.

"ಚಿಕ್ಕಪ್ಪಾ," ಚೂಟಿ ಈಗ ಅವನ ಕಡೆ ತಿರುಗಿದ್ದಳು. "ಈ ಸಲ ಗೀರು ಹಾಕಿದ ಮೇಲೆ ಅಳಿಸಲ್ಲ ತಾನೇ?"

ಇಲ್ಲ ಕಂದ ಅನ್ನಬೇಕಿತ್ತು. ಎರಡು ಪದ. ಅವಳು ಬಿದ್ದ ದಿನ ಗೇಟಿನ ಹತ್ತಿರವಿದ್ದವನು ಸದ್ದು ಕೇಳಿ ಓಡಿಬಂದಿದ್ದು ಅವನಿಗೆ ನೆನಪಾಯಿತು. ದಾರಿಯ ಮೇಲೆ ವಾಕರ್ ಮಗುಚಿ ಬಿದ್ದಿತ್ತು, ಅವಳು ಚೀರುತ್ತಿದ್ದಳು. ಎತ್ತಿಕೊಳ್ಳಲು ಬಗ್ಗಿದಾಗ ಒದ್ದೆ ನೆಲದಲ್ಲಿ ಅವಳ ಮುಖ ಸ್ಪಷ್ಟವಾಗಿ ಕಂಡಿತ್ತು. ಆಗಲೂ, ಆ ಚೀರಾಟದ ನಡುವೆಯೂ, ಒಂದು ಕ್ಷಣ ಅವನ ಒಳಗೆ ಯಾವನೋ ಭೇಷ್ ಅಂದಿದ್ದ. ಆ ಒಳಗಿನವನು ಸತ್ತಿಲ್ಲ. ಹಸಿ ಸಿಮೆಂಟ್ ಕಂಡರೆ ಮತ್ತೆ ಎದ್ದು ಕೂರುತ್ತಾನೆ.

"ಹೇಳು ಚಿಕ್ಕಪ್ಪಾ."

"ಮರಳು ಇದೆಯಾ ನೋಡ್ಕೊಂಡು ಬರ್ತೀನಿ ಇರು," ಅಂದ ಅವನು.

"ಚಹಾ ಕುಡಿದು ಹೋಗಪ್ಪ," ಅತ್ತಿಗೆ ಅಂದಳು. ಅವನು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಅಂಗಳ ದಾಟಿದ. ಗೇಟಿನಾಚೆ ಮರಳಿನಂಗಡಿ ಬಲಕ್ಕಿತ್ತು. ಅವನು ಎಡಕ್ಕೆ ತಿರುಗಿದ. ಒಳಗೆ ಚೂಟಿ, "ಹೇಳಲೇ ಇಲ್ಲ ನೋಡಮ್ಮ," ಅನ್ನುತ್ತಿದ್ದುದು ಬೀದಿಯವರೆಗೂ ಕೇಳಿಸಿತು.

ಅಣ್ಣ ಎರಡು ಭಾನುವಾರ ಕಾದ. ಮೂರನೆಯದಕ್ಕೆ ಬೇರೆ ಗಾರೆಯವನನ್ನು ಕರೆಸಿದ.